ಹದಿನೈದು ಅಂಕಕ್ಕೆ ಒಂದು ಪದ

ಟೋಲ್ಮನ್, ಸಾಸ್ಕಾಚೆವಾನ್
19 ನವೆಂಬರ್ 1971

ಕ್ರೀಡಾ ವರದಿಗಾರರು,
ಗ್ರೆನ್‌ವಿಕ್ ವಾರ್ತೆ

ಮಾನ್ಯರೇ,

ನಿನ್ನೆಯ ಸಂಚಿಕೆಯ ಆರನೇ ಪುಟದಲ್ಲಿ ಬಂದ ನಿಮ್ಮ ವರದಿಯನ್ನು ಕತ್ತರಿಸಿ ಇದರ ಜೊತೆಗಿಟ್ಟಿದ್ದೇನೆ. ಬರೆದವರಿಗೆ ತಾವು ಬರೆದದ್ದನ್ನು ಓದುವ ರೂಢಿ ಇಲ್ಲದಿರಬಹುದು, ಆದ್ದರಿಂದ ಇಲ್ಲಿ ಮತ್ತೊಮ್ಮೆ ಬರೆಯುತ್ತೇನೆ:

"ಗ್ರೆನ್‌ವಿಕ್ ಮಹಿಳೆಯರು ಶನಿವಾರ ಟೋಲ್ಮನ್ ತಂಡವನ್ನು 14–1ರಿಂದ ಕೊಚ್ಚಿಹಾಕಿದರು. ನಾಯಕಿ ಹಿಲ್ಮಾ ಬಾರಾನ್ ಅವರ ಪಡೆ ಮೊದಲ ಸುತ್ತಿನಿಂದಲೇ ರಕ್ತ ಕಾರುತ್ತಿತ್ತು. ಏಳನೇ ಸುತ್ತಿನ ಹೊತ್ತಿಗೆ ಹೆಣ ಎಣಿಸುವುದಷ್ಟೇ ಬಾಕಿ."

ನಾನೇ ಆ ಹಿಲ್ಮಾ ಬಾರಾನ್. ವಯಸ್ಸು ಅರವತ್ತೊಂದು. ಎಡ ಸೊಂಟ ಸರಿಯಿಲ್ಲ, ಉಳಿದಂತೆ ಆರೋಗ್ಯವಾಗಿದ್ದೇನೆ, ರಕ್ತ ಎಲ್ಲೂ ಕಾರಿಲ್ಲ. ನಾವು ಆಡುವುದು ಕರ್ಲಿಂಗ್. ನಲವತ್ತು ಪೌಂಡಿನ ಕಲ್ಲನ್ನು ಮಂಜುಗಡ್ಡೆಯ ಮೇಲೆ ಆ ತುದಿಯ ವೃತ್ತದ ಕಡೆಗೆ ಜಾರಿಸಿ, ಅದು ಇನ್ನಷ್ಟು ದೂರ ಹೋಗಲೆಂದು ಅದರ ಮುಂದೆ ಪೊರಕೆಯಿಂದ ಗುಡಿಸುತ್ತಾ ಓಡುವ ಆಟ. ಇದರಲ್ಲಿ ಹೆಣ ಎಲ್ಲಿಂದ ಬಂತು ಎಂದು ತಿಳಿಸಬೇಕಾಗಿ ವಿನಂತಿ.

ನಿಮ್ಮ ವರದಿಯಲ್ಲಿ ಇಲ್ಲದ್ದನ್ನೂ ಹೇಳುತ್ತೇನೆ. ಆ ದಿನ ಹಿಮಗಾಳಿ ಬೀಸುತ್ತಿತ್ತು. ನಮ್ಮ ನಾಲ್ವರಲ್ಲಿ ಒಬ್ಬಳಿಗೆ ಜ್ವರ. ನಿಮ್ಮೂರಿನವರು ಊಟಕ್ಕೆ ಎಲ್ಲ ತಯಾರಿ ಮಾಡಿಕೊಂಡಿದ್ದಾರೆ, ಹೋಗದಿದ್ದರೆ ಬೇಜಾರಾಗುತ್ತದೆ ಎಂದು ಮೂವರೇ ಟ್ರಕ್ಕಿನಲ್ಲಿ ನಲವತ್ತು ಮೈಲಿ ಬಂದೆವು. ಮೂವರೇ ಆಡಿದೆವು. ಆಟ ಮುಗಿದ ಮೇಲೆ ಗೆದ್ದವರು ಸೋತವರಿಗೆ ಮೊದಲ ಲೋಟ ಕೊಡಿಸಬೇಕು ಎಂಬ ಪದ್ಧತಿಯಂತೆ ನಿಮ್ಮೂರಿನ ನಾಯಕಿ ಮರ್ಟಲ್ ನನಗೆ ವಿಸ್ಕಿ ಕೊಡಿಸಿ, ಪಕ್ಕದಲ್ಲೇ ಕೂತು, ನನ್ನ ಒಂದೇ ಒಂದು ಅಂಕದ ಕಲ್ಲನ್ನು ನಾಲ್ಕು ಸಲ ಹೊಗಳಿದಳು. ರಸ್ತೆ ಮುಚ್ಚಿಹೋಗಿದ್ದರಿಂದ ಅವಳ ಮನೆಯಲ್ಲೇ ಮಲಗಿದೆವು. ಕೊಚ್ಚಿಹಾಕಿದವರು ಬೆಳಿಗ್ಗೆ ನಮಗೆ ಹೆಬ್ಬೆರಳಿನಷ್ಟು ದಪ್ಪದ ಪ್ಯಾನ್‌ಕೇಕ್ ಮಾಡಿಕೊಟ್ಟರು.

ಇನ್ನೊಂದು ವಿಷಯ. ನೀವು ನನ್ನ ಒಡಹುಟ್ಟಿದ ಅಣ್ಣನೂ ಆಗಿರುವುದರಿಂದ ಪ್ರತಿವರ್ಷ ಕ್ರಿಸ್‌ಮಸ್‌ಗೆ ನಮ್ಮ ಮನೆಗೆ ಬರುತ್ತೀರಿ. ಹೆಣಗಳು ಅಡಿಗೆ ಮಾಡುವುದಿಲ್ಲ. ಈ ವರ್ಷ ನಮ್ಮ ಮೇಜಿನಲ್ಲಿ ನಿಮಗೆ ಕುರ್ಚಿ ಇರುವುದಿಲ್ಲ.

ಇಂತು,
ಶ್ರೀಮತಿ ಹಿಲ್ಮಾ ಬಾರಾನ್


ಗ್ರೆನ್‌ವಿಕ್
24 ನವೆಂಬರ್ 1971

ಪ್ರಿಯ ಹಿಲ್ಮಾ,

'ಮಾನ್ಯರೇ' ಅಂತೆ! ನಿನ್ನ ಕಾಲಿನ ಸ್ಕೇಟ್ ಬಿಚ್ಚಿಕೊಟ್ಟವನು ನಾನು, ಕೆರೆಯ ಮಂಜುಗಡ್ಡೆ ಒಡೆದು ನೀನು ಬಿದ್ದಾಗ ಜಡೆ ಹಿಡಿದು ಎಳೆದವನೂ ನಾನು. ಫೋನ್ ಮಾಡೋಣವೆಂದರೆ ನಿಮ್ಮಲ್ಲಿ ಒಂಬತ್ತು ಮನೆಗೆ ಸೇರಿ ಒಂದೇ ಲೈನು, ಎಲ್ಲರೂ ಕಿವಿಕೊಟ್ಟು ಕೂತಿರುತ್ತಾರೆ. ಕಳೆದ ಸಲ ನನ್ನ ಮಂಡಿನೋವಿನ ಬಗ್ಗೆ ಹೇಳುತ್ತಿದ್ದರೆ ನಡುವೆ ಯಾರೋ ಹೆಂಗಸು "ಸಾಸಿವೆ ಪಟ್ಟು ಹಾಕ್ಕೊಳ್ಳಿ, ಹೋಗುತ್ತೆ" ಅಂದಳಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಜ ಹೇಳುತ್ತೇನೆ, 'ಕೊಚ್ಚಿಹಾಕಿದರು' ಎಂದು ಬರೆದದ್ದು ನಾನಲ್ಲ, ಪಟ್ಟಿ. ನಮ್ಮ ಹಳೆಯ ಸಂಪಾದಕ ಪೆಂಟ್ಲೆಂಡ್, ನಾನು ಕೆಲಸಕ್ಕೆ ಸೇರಿದ ದಿನವೇ ಮನೆಗೆ ಬಂದು ನನ್ನ ಬರೆಯುವ ಮೇಜಿನ ಮುಂದಿನ ಗೋಡೆಗೆ ಅದನ್ನು ಮೊಳೆ ಹೊಡೆದು ಹಾಕಿದ. ನಮ್ಮ ಇಂಗ್ಲಿಷಿನಲ್ಲಿ ಹೊಡೆಯುವುದಕ್ಕೆ ಇರುವಷ್ಟು ಮಾತು ಬೇರೆ ಯಾವುದಕ್ಕೂ ಇಲ್ಲ. ಒಂದು ಚಳಿಗಾಲ ಕೂತು ಎಣಿಸಿದ್ದೇನೆ, ಇನ್ನೂರ ಹದಿನಾಲ್ಕು. ಯಾವುದನ್ನು ಎಲ್ಲಿ ಹಾಕಬೇಕು ಎಂದು ಗೊತ್ತಾಗದೆ ವರದಿಗಾರರು ಒದ್ದಾಡುತ್ತಾರೆ ಎಂದು ಪೆಂಟ್ಲೆಂಡ್ ಅಂಕದ ಅಂತರಕ್ಕೆ ತಕ್ಕಂತೆ ಸಾಲು ಸಾಲಾಗಿ ಬರೆದಿಟ್ಟ. ಒಂದೆರಡು ಅಂಕದಲ್ಲಿ ಗೆದ್ದರೆ 'ನುಸುಳಿ ಗೆದ್ದರು'. ಮೂರು ನಾಲ್ಕಾದರೆ 'ಮಣಿಸಿದರು'. ಐದಾರಕ್ಕೆ 'ಬಗ್ಗುಬಡಿದರು'. ಏಳೆಂಟಕ್ಕೆ 'ಹಣ್ಣುಗಾಯಿ ನೀರುಗಾಯಿ ಮಾಡಿದರು'. ಹತ್ತರವರೆಗೆ 'ಚಿಂದಿ ಉಡಾಯಿಸಿದರು', ಹನ್ನೆರಡರವರೆಗೆ 'ಧೂಳೀಪಟ'. ಹದಿಮೂರು ಹದಿನಾಲ್ಕಕ್ಕೆ 'ಕೊಚ್ಚಿಹಾಕಿದರು'. ನಿಮ್ಮದು ಹದಿಮೂರು. ನಾನೇನು ಮಾಡಲಿ? ಶನಿವಾರ ಸಂಜೆ ಮೈದಾನದ ಕಾವಲುಗಾರ ಫೋನಿನಲ್ಲಿ ಅಂಕ ಹೇಳುತ್ತಾನೆ, ನಾನು ಗೋಡೆ ನೋಡುತ್ತೇನೆ, ಬರೆಯುತ್ತೇನೆ. ಮೂವತ್ತೊಂದು ವರ್ಷದಿಂದ ಹೀಗೇ.

ಒಂದು ಸಮಾಧಾನ ಹೇಳುತ್ತೇನೆ. ಅದಕ್ಕೂ ಮೇಲೆ ಇನ್ನೊಂದು ಸಾಲಿದೆ. ಹದಿನೈದು ಅಂಕ ಮತ್ತು ಮೇಲ್ಪಟ್ಟು: 'ನಿರ್ನಾಮ'. ಅದರ ಪಕ್ಕದಲ್ಲಿ ಪೆಂಟ್ಲೆಂಡ್ ಕೆಂಪು ಶಾಯಿಯಲ್ಲಿ 'ಜೀವಮಾನಕ್ಕೆ ಒಮ್ಮೆ' ಎಂದು ಬರೆದಿದ್ದಾನೆ. ಈವರೆಗೆ ಅದನ್ನು ಬಳಸುವ ಭಾಗ್ಯ ನನಗೆ ಬಂದಿಲ್ಲ. ನಿಮ್ಮ ಆ ಒಂದು ಅಂಕ ಇಲ್ಲದಿದ್ದರೂ ಅಂತರ ಹದಿನಾಲ್ಕು, ಆಗಲೂ ತಪ್ಪಿಸಿಕೊಳ್ಳುತ್ತಿದ್ದೆ. ಹಾಗಾಗಿ ಅಷ್ಟೇನೂ ಕೆಟ್ಟದಾಗಿ ಸೋತಿಲ್ಲ.

ಕುರ್ಚಿಯ ವಿಷಯ ತಮಾಷೆಗೆ ಬರೆದದ್ದು ತಾನೇ? ನನ್ನ ಹೆಂಡತಿ ಎಡ್ನಾ ತೀರಿಹೋದ ಮೇಲೆ ವರ್ಷಕ್ಕೊಮ್ಮೆ ನಾನು ಮೂರು ಜನರಿಗಿಂತ ಹೆಚ್ಚಿರುವ ಮೇಜಿನಲ್ಲಿ ಕೂತು ಊಟ ಮಾಡುವುದು ನಿಮ್ಮ ಮನೆಯಲ್ಲಿ ಮಾತ್ರ. ನಿನಗೆ ಗೊತ್ತಿದೆ.

ನಿನ್ನ ಅಣ್ಣ,
ಅರ್ವಿಡ್


ಟೋಲ್ಮನ್
30 ನವೆಂಬರ್ 1971

ವರದಿಗಾರರಿಗೆ,

ಸ್ಕೇಟ್ ಬಿಚ್ಚಿಕೊಟ್ಟದ್ದಕ್ಕೆ ಐವತ್ತು ವರ್ಷದಿಂದ ಕೃತಜ್ಞತೆ ಹೇಳಿ ಸಾಕಾಗಿದೆ.

ಕಾವಲುಗಾರ ಫೋನ್ ಮಾಡುತ್ತಾನೆ, ನೀವು ಗೋಡೆ ನೋಡುತ್ತೀರಿ. ಅಂದರೆ ಮೂವತ್ತೊಂದು ವರ್ಷದಲ್ಲಿ ನಾನು ಒಂದು ಕಲ್ಲು ಬಿಡುವುದನ್ನು ನೀವು ಒಮ್ಮೆಯೂ ನೋಡಿಲ್ಲ. ನಿಮ್ಮ ಮನೆಯಿಂದ ಮೈದಾನಕ್ಕೆ ಎಷ್ಟು ದೂರ? ಎರಡು ಬೀದಿ. ನಾನು ನಿಮ್ಮೂರಿಗೆ ಬಂದು ಆಡಿದ್ದು ಇಪ್ಪತ್ತೆರಡು ಸಲ. ತಾರಾಸ್‌ಗೆ ಇದನ್ನು ಹೇಳಿದೆ. ಅವನು ಊಟದ ತಟ್ಟೆಯಿಂದ ತಲೆಯೆತ್ತದೆ, "ಪಾಪ, ಚಳಿ ಇರುತ್ತೆ" ಅಂದ. ನನ್ನ ಗಂಡ ಯಾವತ್ತೂ ನಿಮ್ಮ ಪರ.

ನಮ್ಮ ಆಟದ ಬಗ್ಗೆ ಒಂದು ಮಾತು ಕೇಳಿ. ಅದರಲ್ಲಿ ತೀರ್ಪುಗಾರನಿಲ್ಲ. ಗುಡಿಸುವಾಗ ಯಾರದೇ ಪೊರಕೆ ಓಡುವ ಕಲ್ಲಿಗೆ ಒಂದು ಕೂದಲೆಳೆಯಷ್ಟು ತಾಗಿದರೂ ಅವರೇ ಕೈಯೆತ್ತಿ ಹೇಳಬೇಕು. ಯಾರೂ ನೋಡಿರುವುದಿಲ್ಲ, ಆದರೂ ಹೇಳಬೇಕು. ಹೇಳಿದರೆ ಆ ಕಲ್ಲು ಆಟದಿಂದ ಹೊರಗೆ. ಆ ಶನಿವಾರ ಮರ್ಟಲ್‌ಳ ತಂಡದ ಹುಡುಗಿಯೊಬ್ಬಳು ಹಾಗೆ ಹೇಳಿದ್ದರಿಂದಲೇ ನನಗೆ ಆ ಒಂದು ಅಂಕ ಸಿಕ್ಕಿದ್ದು. ನಿಮ್ಮ ಇನ್ನೂರ ಹದಿನಾಲ್ಕರಲ್ಲಿ ಅದಕ್ಕೊಂದು ಪದವಿದೆಯೇ? ಇದ್ದರೆ ತಿಳಿಸಿ.

ಕುರ್ಚಿ ತಮಾಷೆಯಲ್ಲ. ಆದರೂ ನಮ್ಮ ತಾಯಿಯ ಮುಖ ನೋಡಿ ಒಂದು ಅವಕಾಶ ಕೊಡುತ್ತೇನೆ. ಕ್ರಿಸ್‌ಮಸ್‌ಗೆ ಮೊದಲು ಒಂದೇ ಒಂದು ಆಟದ ವರದಿಯನ್ನು ಕತ್ತಿ, ಕೊಡಲಿ, ರಕ್ತ, ಹೆಣ ಇಲ್ಲದೆ ಬರೆಯಿರಿ. ಪ್ರಕಟವಾಗಿರಬೇಕು. ಕತ್ತರಿಸಿ ಕಳಿಸಬೇಕು.

ಹಿಲ್ಮಾ ಬಾರಾನ್


ಗ್ರೆನ್‌ವಿಕ್
17 ಡಿಸೆಂಬರ್ 1971

ಹಿಲ್ಮಾ,

ಪ್ರಯತ್ನಪಟ್ಟೆ. ದೇವರಾಣೆಗೂ ಪ್ರಯತ್ನಪಟ್ಟೆ. ಪಟ್ಟಿಯ ಮೇಲೆ ಟವೆಲ್ ಇಳಿಬಿಟ್ಟು ಕೂತೆ. ಎರಡು ಗಂಟೆ ಕೂತ ಮೇಲೆ ಹೊರಬಂದ ಹಾಕಿ ವರದಿ ಇದು, ಮೊದಲ ವಾರ ಪ್ರಕಟವಾಯಿತು:

"ಶುಕ್ರವಾರ ಗ್ರೆನ್‌ವಿಕ್ ಹುಡುಗರೂ ಪಕ್ಕದೂರಿನ ಹುಡುಗರೂ ಭೇಟಿಯಾದರು. ಗ್ರೆನ್‌ವಿಕ್ ಹುಡುಗರು ಏಳು ಗೋಲು ಹಾಕಿದರು. ಪಕ್ಕದೂರಿನವರು ಎರಡು ಹಾಕಿದರು. ಆಮೇಲೆ ಎಲ್ಲರೂ ಮನೆಗೆ ಹೋದರು."

ಮರುದಿನ ಬೆಳಿಗ್ಗೆ ಹಾಕಿ ಕೋಚ್ ಡೆಲ್ಬರ್ಟ್ ಬಾಗಿಲು ನೂಕಿಕೊಂಡು ಒಳಗೆ ಬಂದ. "ಏನಯ್ಯಾ ಅರ್ವಿಡ್, ನನ್ನ ಹುಡುಗ್ರು ಎರಡು ಹಲ್ಲು ಉದುರಿಸ್ಕೊಂಡು ಆಡಿದಾರೆ, ನೀನು ನೋಡಿದ್ರೆ ಭಾನುವಾರದ ಪಿಕ್ನಿಕ್ ಹಂಗೆ ಬರ್ದಿದೀಯಲ್ಲ! ನಿಂಗೇನು ಹುಷಾರಿಲ್ವಾ?" ಅಂದ. ಗೋಲು ಹೊಡೆದ ಹುಡುಗನೊಬ್ಬನ ಅಜ್ಜಿ ಪತ್ರಿಕೆಗೆ ಬರೆದರು, ತಮ್ಮ ಮೊಮ್ಮಗ ಯಾರನ್ನೂ ಕನಿಷ್ಠ ಬಗ್ಗಾದರೂ ಬಡಿಯಲಿಲ್ಲವೇ ಎಂದು. ಸಂಪಾದಕಿ ನನ್ನನ್ನು ಕರೆದು, "ರೀ, ವಯಸ್ಸಾಯ್ತು ಅಂತ ಗೊತ್ತು, ಆದ್ರೆ ಒಂದೇ ವಾರದಲ್ಲಿ ಇಷ್ಟೊಂದಾ?" ಎಂದಳು.

ಆದರೂ ಅದು ಪ್ರಕಟವಾದ ವರದಿಯೇ. ಕತ್ತರಿಸಿ ನಿನಗೆ ಕಳಿಸುವವನಿದ್ದೆ. ಅಷ್ಟರಲ್ಲಿ ಪೈ ಬಂತು.

ಚರ್ಚು, ಮದುವೆ, ಅಡಿಗೆಯ ಸುದ್ದಿ ಬರೆಯುವ ವಿನಿಫ್ರೆಡ್ ಹೊಸ್ತಿಲಿನ ಮಂಜಿನಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಳು. ಅವಳ ಕೆಲಸ ನನ್ನ ತಲೆಗೆ ಬಂತು. ಚರ್ಚಿನಲ್ಲಿ ಯಾರು ರುಚಿಯಾದ ಪೈ ಸುಡುತ್ತಾರೆ ಎಂಬ ಸ್ಪರ್ಧೆ. ಫೋನಿನಲ್ಲಿ ಯಾರೋ ಅಂಕ ಹೇಳಿದರು. ಶ್ರೀಮತಿ ಟಕ್, ಸೇಬಿನ ಪೈ, ನಲವತ್ತೇಳು. ಪಾದ್ರಿಯ ಹೆಂಡತಿ, ಕುಂಬಳಕಾಯಿ ಪೈ, ಮೂವತ್ತಮೂರು. ಅಂತರ ಹದಿನಾಲ್ಕು. ನಾನು ಕಣ್ಣೆತ್ತಿ ಗೋಡೆ ನೋಡಬೇಕಾಗಿರಲಿಲ್ಲ, ಟವೆಲ್ ಅಡ್ಡವಿತ್ತು, ಕೈ ತಾನಾಗಿ ಬರೆದುಕೊಂಡು ಹೋಯಿತು. "ಟಕ್ ಅವರ ಸೇಬು ಪಾದ್ರಿಯವರ ಪತ್ನಿಯ ಕುಂಬಳಕಾಯಿಯನ್ನು ಕೊಚ್ಚಿಹಾಕಿತು. ಬಿಷಪ್ಪರ ಸಮ್ಮುಖದಲ್ಲಿ ನಡೆದ ಈ ಮಾರಣಹೋಮ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು."

ಕಳೆದ ಭಾನುವಾರ ಪಾದ್ರಿಗಳು ನಾಲಿಗೆಯ ಪಾಪದ ಬಗ್ಗೆ ನಲವತ್ತು ನಿಮಿಷ ಉಪದೇಶ ಮಾಡಿದರು. ಇಡೀ ನಲವತ್ತು ನಿಮಿಷವೂ ನನ್ನ ಬೆಂಚನ್ನೇ ನೋಡುತ್ತಿದ್ದರು. ಪಕ್ಕದಲ್ಲಿ ಕೂತವರು ಒಬ್ಬೊಬ್ಬರಾಗಿ ಸರಿದು ಆಚೆ ಹೋದರು.

ಹಾಕಿಯ ತುಂಡನ್ನು ಇದರ ಜೊತೆ ಇಟ್ಟಿದ್ದೇನೆ. ಪೈಯನ್ನು ಲೆಕ್ಕಕ್ಕೆ ಹಿಡಿಯಬೇಡ. ಪೈ ಆಟವಲ್ಲ.

ಅರ್ವಿಡ್


ಟೋಲ್ಮನ್
20 ಡಿಸೆಂಬರ್ 1971

ಪೈ ಇಲ್ಲಿಗೂ ತಲುಪಿತು. ನಿಮ್ಮ ಪತ್ರಕ್ಕಿಂತ ಮೊದಲೇ. ತಾರಾಸ್ ನನ್ನ ಕೈಯಲ್ಲಿ ಐದು ಸಲ ಓದಿಸಿಕೊಂಡು ನಕ್ಕ. ಮದುವೆಯಾದ ಮೇಲೆ ಅವನು ಜೋರಾಗಿ ನಕ್ಕಿದ್ದು ಇದು ಮೂರನೇ ಸಲ. ನಾನು ನಗಲಿಲ್ಲ. ನಕ್ಕಿದ್ದರೂ ಅದು ನಿಮಗೆ ಸಂಬಂಧಪಟ್ಟದ್ದಲ್ಲ.

ಹಾಕಿ ವರದಿಯಲ್ಲಿ ಯಾರೂ ಸತ್ತಿಲ್ಲ, ಒಪ್ಪಿದೆ. ಆದರೆ ಯಾರೂ ಬದುಕಿಯೂ ಇಲ್ಲ. ನೀವು ಆ ಆಟವನ್ನೂ ನೋಡಿಲ್ಲ.

ಕುರ್ಚಿ ಇಲ್ಲ.

ಹಿ. ಬಾ.


ಗ್ರೆನ್‌ವಿಕ್
29 ಡಿಸೆಂಬರ್ 1971

ಹಿಲ್ಮಾ,

ಬಸ್ಸಿನ ಚಾಲಕ ಕ್ರಿಸ್‌ಮಸ್ ಹಿಂದಿನ ಮಧ್ಯಾಹ್ನ ಒಂದು ಡಬ್ಬಿ ತಂದುಕೊಟ್ಟ. ಟವೆಲಿನಲ್ಲಿ ಸುತ್ತಿದ್ದ ಎಲೆಕೋಸಿನ ಸುರುಳಿಗಳು, ಇಪ್ಪತ್ತನಾಲ್ಕು. ಯಾರು ಕಳಿಸಿದರು ಎಂದು ಕೇಳಿದರೆ "ಹೇಳ್ಬೇಡ ಅಂದಿದಾರೆ" ಎಂದ. ಆ ಟವೆಲು ನಮ್ಮ ಅಮ್ಮನದು, ಅಂಚಿನಲ್ಲಿ ಅವಳ ನೀಲಿ ದಾರದ ಹೊಲಿಗೆ ಇದೆ. ಕಳಿಸಿದವರು ಸಿಕ್ಕರೆ ನನ್ನ ವಂದನೆ ತಿಳಿಸು.

ಕ್ರಿಸ್‌ಮಸ್ ದಿನ ಅದರಲ್ಲಿ ಆರು ತಿಂದೆ. ಅಡಿಗೆಮನೆಯಲ್ಲಿ ನಿಂತುಕೊಂಡೇ ತಿಂದೆ, ಮೇಜಿಗೆ ಒಬ್ಬನೇ ಕೂರಲು ಮನಸ್ಸಾಗಲಿಲ್ಲ. ಹಿಲ್ಮಾ, ನನಗೆ ಬಹಳ ಬೇಜಾರಾಯಿತು. ಇದನ್ನು ಸುತ್ತಿಬಳಸಿ ಹೇಳಲು ನನಗೆ ಬರುವುದಿಲ್ಲ.

ನಿನ್ನ ಆಟ ಯಾಕೆ ನೋಡಲಿಲ್ಲ ಎಂದು ಕೇಳಿದ್ದೆಯಲ್ಲ. ಮೊದಲ ಇಪ್ಪತ್ತೈದು ವರ್ಷ ಸೋಮಾರಿತನ. ಎಡ್ನಾ ಹೋದ ಮೇಲಿನ ಈ ಆರು ವರ್ಷ ಬೇರೆ. ಶನಿವಾರ ಸಂಜೆ ಫೋನ್ ರಿಂಗಾಗುತ್ತದೆ ಎಂದು ಗೊತ್ತಿರುವುದರಿಂದ ಮನೆಯಲ್ಲೇ ಇರುತ್ತೇನೆ. ವಾರದಲ್ಲಿ ಈ ಮನೆಯ ಫೋನ್ ರಿಂಗಾಗುವುದು ಆಗ ಮಾತ್ರ. ಕಾವಲುಗಾರ ಅಂಕ ಹೇಳಿ ಮುಗಿಸಿದರೂ ನಾನು ಹವಾಮಾನ ಕೇಳುತ್ತಾ ಅವನನ್ನು ಹಿಡಿದಿಡುತ್ತೇನೆ, ಕಿಟಕಿಯಿಂದ ಕಾಣುವ ಹವಾಮಾನವನ್ನೇ.

ತಾರಾಸನ ಕಡೆಯವರ ಹಳೆಯ ಪಂಚಾಂಗದ ಕ್ರಿಸ್‌ಮಸ್ ಜನವರಿ ಏಳಕ್ಕೆ ಬರುತ್ತದಲ್ಲ. ಅದರ ಹಿಂದಿನ ಸಂಜೆ ನೀವು ಹನ್ನೆರಡು ಬಗೆ ಅಡಿಗೆ ಮಾಡಿ, ಮೇಜಿನಲ್ಲಿ ಒಂದು ತಟ್ಟೆ ಖಾಲಿ ಇಡುತ್ತೀರಿ. ಹೇಗೂ ಖಾಲಿ ಇರುತ್ತದೆ. ಯೋಚನೆ ಮಾಡು.

ನಿನ್ನ
ಅರ್ವಿಡ್


ಟೋಲ್ಮನ್
3 ಜನವರಿ 1972

ಅರ್ವಿಡ್,

ಆ ತಟ್ಟೆ ಸತ್ತವರಿಗೆ. ಬೇಕಿದ್ದರೆ ಸತ್ತು ಬಾ.

ಹೀಗೆ ಬರೆದಿಟ್ಟು ಕೋಳಿಗಳಿಗೆ ಕಾಳು ಹಾಕಲು ಹೋದೆ. ಬರುವಷ್ಟರಲ್ಲಿ ತಾರಾಸ್ ಪತ್ರ ಓದಿದ್ದ. "ಇದು ಅವ್ನ ಪಟ್ಟೀಲಿ ಎಷ್ಟನೇ ಸಾಲು, ಹಿಲ್ಮಾ?" ಎಂದು ಕೇಳಿದ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವನು ಇಷ್ಟು ಉದ್ದದ ಪ್ರಶ್ನೆ ಕೇಳಿದ್ದು ಕಡಿಮೆ. ಹರಿದುಹಾಕೋಣ ಎಂದುಕೊಂಡೆ. ಬರೆದದ್ದು ಬರೆದಾಯಿತು, ನೀನೂ ನೋಡು ಎಂದು ಹಾಗೇ ಬಿಟ್ಟಿದ್ದೇನೆ. ಬಾಯಿ ನಮ್ಮಿಬ್ಬರಿಗೂ ಅಪ್ಪನ ಕಡೆಯಿಂದ ಬಂದಿದೆ.

ಆದರೂ ಈ ಸಲ ಬರಬೇಡ. ನನ್ನ ಕೋಪ ಇನ್ನೂ ಪೂರ್ತಿ ಇಳಿದಿಲ್ಲ, ಅರ್ಧ ಕೋಪದಲ್ಲಿ ಬಡಿಸಿದ ಊಟ ಮೈಗೆ ಹತ್ತುವುದಿಲ್ಲ.

ಫೆಬ್ರವರಿ ಹನ್ನೆರಡರ ಶನಿವಾರ ನಿಮ್ಮೂರಿನವರು ಇಲ್ಲಿಗೆ ಆಡಲು ಬರುತ್ತಾರೆ. ಅವರ ಬಸ್ಸಿನಲ್ಲಿ ಬಾ. ಬಂದು ನೋಡು. ನೋಡಿ ಬರೆ. ಚೆನ್ನಾಗಿ ಬರೆದರೆ ಈಸ್ಟರ್‌ಗೆ ಕುರ್ಚಿಯ ವಿಚಾರ ಮಾತಾಡೋಣ. ಮುಂದಿನ ವರ್ಷ ನೋಡುತ್ತೇನೆ ಅನ್ನಬೇಡ. ಏಪ್ರಿಲ್‌ನಲ್ಲಿ ನನ್ನ ಸೊಂಟಕ್ಕೆ ಶಸ್ತ್ರಚಿಕಿತ್ಸೆ, ಆಮೇಲೆ ಕಲ್ಲು ಮುಟ್ಟುವಂತಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಇದನ್ನು ಊರಲ್ಲಿ ಯಾರಿಗೂ ಹೇಳಿಲ್ಲ. ನೀನೂ ಹೇಳಬೇಡ.

ಡಬ್ಬಿ ವಾಪಸ್ಸು ಕಳಿಸು. ಟವೆಲ್ ಬೇಕಾದರೆ ಇಟ್ಟುಕೋ.

ಹಿಲ್ಮಾ


ಗ್ರೆನ್‌ವಿಕ್
14 ಫೆಬ್ರವರಿ 1972

ಪ್ರಿಯ ಹಿಲ್ಮಾ,

ಬಲಗೈ ಎತ್ತಲು ಆಗುತ್ತಿಲ್ಲ, ಎಡಗೈಯಲ್ಲಿ ಬಲಗೈ ಹಿಡಿದುಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾದರೆ ಮನ್ನಿಸು.

ನೀನು ಅಲ್ಲೇ ಇದ್ದೆ, ಎಲ್ಲ ನೋಡಿದ್ದೀಯ. ಆದರೂ ನನ್ನ ಕಡೆಯಿಂದ ಹೇಗಿತ್ತು ಎಂದು ಹೇಳಬೇಕು. ನಾನು ಕೋಟು ತೊಟ್ಟು, ನೋಟ್‌ಬುಕ್ ಹಿಡಿದು, ನೋಡುವವರ ಬೆಂಚಿನಲ್ಲಿ ಕೂತಿದ್ದವನು. ನಮ್ಮ ತಂಡದ ಒಬ್ಬಳಿಗೆ ಬಸ್ಸಿನಿಂದ ಇಳಿಯುವಾಗಲೇ ವಾಂತಿ ಶುರುವಾಯಿತು. ಮರ್ಟಲ್ ಸುತ್ತ ನೋಡಿದಳು. ಅವಳ ಕಣ್ಣು ನನ್ನ ಮೇಲೆ ನಿಂತಾಗ ನಾನು ಹಿಂದೆ ಯಾರಿದ್ದಾರೆ ಎಂದು ತಿರುಗಿ ನೋಡಿದೆ. ಗೋಡೆ ಇತ್ತು. ಹೆಂಗಸರ ಪಂದ್ಯದಲ್ಲಿ ಗಂಡಸು ಆಡಬಹುದೇ ಎಂದು ಅವಳು ನಿನ್ನನ್ನು ಕೇಳಿದಳು. "ಆಡ್ಲಿ ಬಿಡು ಮರ್ಟಲ್, ಅವನಿಂದ ನಿಮ್ಗೇನೂ ಲಾಭ ಆಗಲ್ಲ" ಎಂದೆಯಲ್ಲ, ಇಡೀ ಮೈದಾನಕ್ಕೆ ಕೇಳುವಂತೆ. ಅದು ನಿಜವಾಯಿತು.

ಮೊದಲ ಕಲ್ಲು ಬಿಡುವಾಗ ಕಲ್ಲು ಮುಂದೆ ಹೋಗಲಿಲ್ಲ, ನಾನು ಹೋದೆ. ಹೊಟ್ಟೆಯ ಮೇಲೆ. ನಿಮ್ಮೂರಿನವರು ಯಾರೂ ನಗಲಿಲ್ಲ. ಒಬ್ಬ ಹೆಂಗಸು ಬಂದು ಕೈಹಿಡಿದು ಎಬ್ಬಿಸಿ, "ಮೊದ್ಲ ಸಲ ಎಲ್ರೂ ಬೀಳ್ತಾರೆ, ನೀವು ದೂರ ಬಿದ್ರಿ, ಅದೇ ವಿಶೇಷ" ಅಂದಳು. ಎರಡನೇ ಸುತ್ತಿಗೇ ಉಸಿರು ಮೇಲೆ ಕೆಳಗೆ. ನಾಲ್ಕನೇ ಸುತ್ತಿನಲ್ಲಿ ನಾನು ಗುಡಿಸಿದ ಕಲ್ಲೊಂದು ನಿಜವಾಗಿ ಒಂದು ಅಡಿ ಹೆಚ್ಚು ದೂರ ಹೋಯಿತು, ಅದನ್ನು ನೋಡಿ ಮಗುವಿನ ಹಾಗೆ ಕೂಗಿದೆ. ಐದನೇ ಸುತ್ತಿನ ವಿಷಯ ಬರೆಯುವುದಿಲ್ಲ. ಮರ್ಟಲ್‌ಳ ಒಂದು ಒಳ್ಳೆಯ ಕಲ್ಲು ಹಾಳಾಯಿತು, ನಿಮಗೆ ನಾಲ್ಕು ಅಂಕ ಹೋಯಿತು, ಅಷ್ಟೇ.

ಅದಲ್ಲ ಹೇಳಬೇಕಾದದ್ದು. ನೀನು ಕೊನೆಯ ಕಲ್ಲು ಬಿಡುವುದನ್ನು ನೋಡಿದೆ. ಸೊಂಟ ಬಗ್ಗದೆ, ಪೊರಕೆ ಊರಿ, ಹಲ್ಲು ಕಚ್ಚಿ ಕೂತೆ. ಕಲ್ಲು ಬಿಟ್ಟ ಮೇಲೆ ಕೈಯನ್ನು ಹಾಗೇ ಚಾಚಿಟ್ಟಿದ್ದೆ, ಅದು ಹೋಗಿ ನಿಲ್ಲುವವರೆಗೆ. ಅಮ್ಮ ನಮ್ಮನ್ನು ಶಾಲೆಗೆ ಕಳಿಸಿ ಬಾಗಿಲಲ್ಲಿ ಹಾಗೇ ಕೈ ಎತ್ತಿಕೊಂಡು ನಿಂತಿರುತ್ತಿದ್ದಳು. ಇಪ್ಪತ್ತೆರಡು ಸಲ ಎರಡು ಬೀದಿಯಾಚೆ ಇದನ್ನು ಬಿಟ್ಟು ನಾನು ಫೋನಿನ ಪಕ್ಕ ಕೂತಿದ್ದೆ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಆಮೇಲೆ ನೀನು ನನಗೆ ಮೊದಲ ಲೋಟ ಕೊಡಿಸಿದೆ. ಪಕ್ಕದಲ್ಲಿ ಕೂತೆ. ತಾರಾಸ್ ಬಂದು ನನ್ನ ಬೆನ್ನು ತಟ್ಟಿ, "ಚಳಿ ಇತ್ತಾ?" ಅಂದ.

ನಿನ್ನೆ ಪಟ್ಟಿಯನ್ನು ಗೋಡೆಯಿಂದ ಕಿತ್ತು ಬೀರುವಿನ ಹಿಂದೆ ಹಾಕಿದ್ದೇನೆ. ಈ ವಾರದ ಸಂಚಿಕೆಗೆ ಕೊಟ್ಟಿಲ್ಲ, ಮೊದಲು ನೀನು ನೋಡಿ ಒಪ್ಪಿಗೆ ಕೊಡಬೇಕು. ಹೀಗೆ ಬರೆದಿದ್ದೇನೆ:

"ಶನಿವಾರ ಟೋಲ್ಮನ್‌ನಲ್ಲಿ ಎರಡೂ ಊರಿನ ಮಹಿಳೆಯರು ಸ್ನೇಹದಿಂದ ಕೂಡಿ ಒಂದು ಸುಂದರ ಮಧ್ಯಾಹ್ನ ಕಳೆದರು. ಟೋಲ್ಮನ್ ತಂಡಕ್ಕೆ 17 ಅಂಕ, ಗ್ರೆನ್‌ವಿಕ್‌ಗೆ 2. ಗೆಲುವು ಸೋಲಿಗಿಂತ ಒಡನಾಟ ದೊಡ್ಡದೆಂದು ಎಲ್ಲರೂ ಅಭಿಪ್ರಾಯಪಟ್ಟರು."

ಕತ್ತಿ ಇಲ್ಲ, ಕೊಡಲಿ ಇಲ್ಲ. ಸರಿಯಿದೆಯಾ?

ನಿನ್ನ ಅಣ್ಣ,
ಅರ್ವಿಡ್


ಟೋಲ್ಮನ್
17 ಫೆಬ್ರವರಿ 1972

ಅರ್ವಿಡ್!

ನಿನಗೆ ತಲೆ ಸರಿಯಿದೆಯೇ?

'ಸುಂದರ ಮಧ್ಯಾಹ್ನ'! ಯಾರು ಅಭಿಪ್ರಾಯಪಟ್ಟರು? ನಾನು ಪಡಲಿಲ್ಲ. ಹದಿನೇಳು ಎರಡು. ಹದಿನೇಳರಲ್ಲಿ ಎರಡು ಕಳೆ. ಕೈಬೆರಳಲ್ಲೇ ಕಳೆ. ಎಷ್ಟು ಬಂತು?

ನಲವತ್ತು ವರ್ಷ ಆಡಿದ್ದೇನೆ. ಹತ್ತಕ್ಕಿಂತ ಹೆಚ್ಚಿನ ಅಂತರದಲ್ಲಿ ಗೆದ್ದದ್ದು ಇಲ್ಲ. ಈಗ ಕೊನೆಯ ಚಳಿಗಾಲದಲ್ಲಿ, ಕೊನೆಯ ಆಟದಲ್ಲಿ, ಮುರುಕು ಸೊಂಟದಲ್ಲಿ, ಹದಿನೈದು ಅಂಕದಿಂದ ಗೆದ್ದಿದ್ದೇನೆ. ನಿನ್ನ ಪೆಂಟ್ಲೆಂಡ್ ಕೆಂಪು ಶಾಯಿಯಲ್ಲಿ ಬರೆದಿಟ್ಟ ಪದ ಒಂದಿದೆ. ನೀನು ಮೂವತ್ತೊಂದು ವರ್ಷ ಯಾರಿಗೂ ಕೊಡದೆ ಇಟ್ಟುಕೊಂಡಿದ್ದೀಯ. ಅದು ನನ್ನದು. ಕೊಡು.

ಮೊದಲು ಬೈದವಳೂ ನಾನೇ, ಗೊತ್ತು. ತಾರಾಸ್ ಕೂಡ ಅದನ್ನೇ ಹೇಳಿದ. ಅವನ ಮಾತು ನನಗೆ ಬೇಡ, ನಿನ್ನ ಮಾತೂ ಬೇಡ. ಸೋತವರ ಮೇಲೆ ಆ ಪದ ಹಾಕಿದರೆ ಅವರ ಮನಸ್ಸು ನೋಯುತ್ತದೆಯೇ ಎಂದು ಮರ್ಟಲ್‌ಗೆ ಫೋನ್ ಮಾಡಿ ಕೇಳಿದೆ. "ಹಾಕ್ಲಿ ಕಣೇ, ಹಿಂದಿನ್ ಸಲ ನಾವು ನಿಮ್ಮೇಲೆ ಹಾಕ್ಸಿದ್ವಲ್ಲ, ಈಗ ನಿಮ್ ಸರದಿ" ಎಂದಳು. ಲೈನಿನಲ್ಲಿದ್ದ ಇನ್ನಿಬ್ಬರು ಹೆಂಗಸರೂ ಹಾಕಲಿ ಎಂದರು.

ಪಟ್ಟಿಯನ್ನು ಬೀರುವಿನ ಹಿಂದಿನಿಂದ ತೆಗೆ.

ಹಿಲ್ಮಾ


'ಗ್ರೆನ್‌ವಿಕ್ ವಾರ್ತೆ', 24 ಫೆಬ್ರವರಿ 1972, ಪುಟ 1

ಅರ್ವಿಡ್ ಲುಂಡೀನ್ ನಿರ್ನಾಮ

ಟೋಲ್ಮನ್: ಶನಿವಾರ, ಫೆಬ್ರವರಿ 12ರಂದು ಇಲ್ಲಿ ನಡೆದ ಕರ್ಲಿಂಗ್ ಪಂದ್ಯದಲ್ಲಿ ಶ್ರೀಮತಿ ಹಿಲ್ಮಾ ಬಾರಾನ್ ಅವರ ತಂಡ ಗ್ರೆನ್‌ವಿಕ್ ತಂಡವನ್ನು 17–2ರಿಂದ ನಿರ್ನಾಮ ಮಾಡಿತು. ನಿರ್ನಾಮವಾದವರಲ್ಲಿ ಈ ವರದಿಗಾರನೂ ಒಬ್ಬ. ಈ ಪತ್ರಿಕೆಯಲ್ಲಿ ಈ ಪದ ಹಿಂದೆ ಎಂದೂ ಬಳಕೆಯಾಗಿಲ್ಲ, ಮುಂದೆಯೂ ಆಗುವುದಿಲ್ಲ. ಅದನ್ನು ಶ್ರೀಮತಿ ಬಾರಾನ್ ಅವರಿಗೆ ಕಾಯಂ ಆಗಿ ಬಿಟ್ಟುಕೊಡಲಾಗಿದೆ.

ಗ್ರೆನ್‌ವಿಕ್‌ನ ಮೊದಲ ಕಲ್ಲನ್ನು ಹಿಂದಿಕ್ಕಿ ಅದನ್ನು ಬಿಟ್ಟವನೇ ವೃತ್ತದ ಕಡೆ ಸಾಗಿದ್ದು ನೋಡುಗರ ಗಮನ ಸೆಳೆಯಿತು. ಕೊನೆಯ ಕಲ್ಲನ್ನು ಶ್ರೀಮತಿ ಬಾರಾನ್ ವೃತ್ತದ ನಟ್ಟನಡುವೆ ನಿಲ್ಲಿಸಿದರು. ಅದು ನಿಲ್ಲುವವರೆಗೆ ಮೈದಾನದಲ್ಲಿ ಒಬ್ಬರೂ ಕೆಮ್ಮಲಿಲ್ಲ.

ಪಂದ್ಯದ ನಂತರ ಗೆದ್ದವರು ಸೋತವರಿಗೆ ಮೊದಲ ಲೋಟ ಕೊಡಿಸಿ ಪಕ್ಕದಲ್ಲಿ ಕೂತರು. ಸೋತವರಲ್ಲಿ ಒಬ್ಬನು ಹಾಗೆ ಕೂತದ್ದು ನವೆಂಬರ್‌ನಿಂದೀಚೆಗೆ ಅದೇ ಮೊದಲು.

— ಅ. ಲು.


ಟೋಲ್ಮನ್
28 ಫೆಬ್ರವರಿ 1972

ಕ್ರೀಡಾ ವರದಿಗಾರರು,
ಗ್ರೆನ್‌ವಿಕ್ ವಾರ್ತೆ

ಮಾನ್ಯರೇ,

ನಿಮ್ಮ 24ನೇ ತಾರೀಖಿನ ಸಂಚಿಕೆಯ ಮೊದಲ ಪುಟದ ವರದಿಯಲ್ಲಿ ಒಂದು ಲೋಪವಿದೆ. ತಿದ್ದುಪಡಿ ಪ್ರಕಟಿಸಬೇಕಾಗಿ ವಿನಂತಿ.

ಐದನೇ ಸುತ್ತಿನಲ್ಲಿ ಮರ್ಟಲ್ ಬಿಟ್ಟ ಕಲ್ಲು ನಮ್ಮ ಮೂರು ಕಲ್ಲುಗಳನ್ನು ದಾಟಿ ನೇರವಾಗಿ ವೃತ್ತದೊಳಕ್ಕೆ ಬರುತ್ತಿತ್ತು. ಅದು ಲೆಕ್ಕಕ್ಕೆ ಬಂದಿದ್ದರೆ ಆ ಸುತ್ತು ನಿಮ್ಮದಾಗುತ್ತಿತ್ತು, ನಮಗೆ ಬಂದ ನಾಲ್ಕು ಅಂಕ ಬರುತ್ತಿರಲಿಲ್ಲ. ಅದರ ಮುಂದೆ ಗುಡಿಸುತ್ತಿದ್ದವರಲ್ಲಿ ಒಬ್ಬ ಅರವತ್ತೇಳು ವರ್ಷದ ಗಂಡಸು. ಉಸಿರು ಸಿಗದೆ ಅವನ ಮುಖ ನೀಲಿಯಾಗಿತ್ತು. ಅವನ ಪೊರಕೆಯ ಒಂದು ಕಡ್ಡಿ ಕಲ್ಲಿಗೆ ತಾಗಿತು. ಮರ್ಟಲ್ ನೋಡಲಿಲ್ಲ. ಜೊತೆಗೆ ಗುಡಿಸುತ್ತಿದ್ದವಳೂ ನೋಡಲಿಲ್ಲ. ಬೆಂಚಿನಲ್ಲಿ ಕೂತವರು ಯಾರೂ ನೋಡಲಿಲ್ಲ. ಕಲ್ಲು ಸರಿಯಾಗಿ ನಡುವೆ ಬಂದು ನಿಂತಿತು, ನಿಮ್ಮವರೆಲ್ಲ ಕುಣಿದರು.

ಆ ಗಂಡಸು ಕೈಯೆತ್ತಿ, "ನಂದು ತಾಗಿತು" ಅಂದ.

ನಾನು ವೃತ್ತದ ಹಿಂದೆಯೇ ನಿಂತಿದ್ದೆ, ಅರ್ವಿಡ್. ಕಡ್ಡಿ ತಾಗಿದ್ದನ್ನು ನೋಡಿದ್ದೆ. ನಾನು ಹೇಳಲಿಲ್ಲ. ನೀನು ಹೇಳುತ್ತೀಯೋ ಇಲ್ಲವೋ ಎಂದು ಕಾಯುತ್ತಿದ್ದೆ. ಆ ಒಂದು ಗಳಿಗೆ ನನಗೆ ಎಷ್ಟು ಭಯವಾಯಿತು ಎಂದು ನಿನಗೆ ಹೇಳಲಾರೆ.

ಇದನ್ನು ಬರೆಯದೆ ಬಿಟ್ಟದ್ದು ದೊಡ್ಡ ತಪ್ಪು. ಪಟ್ಟಿಯಲ್ಲಿ ಇದಕ್ಕೆ ಪದ ಇಲ್ಲದಿದ್ದರೆ ಎಲ್ಲಕ್ಕಿಂತ ಮೇಲೆ ಒಂದು ಸಾಲು ಸೇರಿಸು.

ನಮ್ಮ ಈಸ್ಟರ್ ಏಪ್ರಿಲ್ ಎರಡು, ತಾರಾಸನದು ಒಂಬತ್ತು. ಹತ್ತನೇ ತಾರೀಖು ನನ್ನನ್ನು ಆಸ್ಪತ್ರೆಗೆ ಸೇರಿಸುತ್ತಾರೆ. ಎರಡಕ್ಕೆ ಬಾ, ಹತ್ತರವರೆಗೂ ಇರು. ತಾರಾಸ್ ನಿನ್ನ ಕುರ್ಚಿಯ ಅಲುಗಾಡುವ ಕಾಲನ್ನು ನವೆಂಬರ್‌ನಲ್ಲೇ ಸರಿಮಾಡಿಟ್ಟಿದ್ದಾನಂತೆ, ನನಗೆ ಹೇಳದೆ.

ನಿನ್ನ ತಂಗಿ,
ಹಿಲ್ಮಾ